ಹೊಲ ಕುಗ್ಗುತ್ತದೆ, ಅಕ್ಷರ ಕುಗ್ಗದು

ಬೀಳಗಿ ತಾಲ್ಲೂಕಿನ ಯಾವುದೇ ಊರಿನ ಹಳೆಯ ಗ್ರಾಮನಕ್ಷೆಯನ್ನು ಹರಡಿ ನೋಡಿದರೆ ಎರಡು ಬಗೆಯ ಗುರುತುಗಳು ಕಾಣುತ್ತವೆ. ಒಂದು ಗೆರೆ, ಇನ್ನೊಂದು ಬರಹ. ಹೊಲದ ಬದು, ಹಳ್ಳ, ಬಂಡಿಜಾಡು, ಊರಿನ ಗಾವಠಾಣ ಎಲ್ಲಿವೆ ಎಂಬುದನ್ನು ಗೆರೆ ತೋರಿಸುತ್ತದೆ. ಆ ಹೊಲದ ಸರ್ವೆ ನಂಬರು ಯಾವುದು, ಹಳ್ಳದ ಹೆಸರೇನು, ದಾರಿ ಯಾವ ಊರಿಗೆ ಹೋಗುತ್ತದೆ ಎಂಬುದನ್ನು ಬರಹ ಹೇಳುತ್ತದೆ. ಇವೆರಡೂ ಒಂದೇ ಹಾಳೆಯ ಮೇಲಿದ್ದರೂ ಎರಡಕ್ಕೂ ಅನ್ವಯಿಸುವ ಅಳತೆ ಒಂದೇ ಅಲ್ಲ. ಗೆರೆ ಭೂಮಿಗೆ ಸೇರಿದ್ದು; ಅದನ್ನು ಸಾವಿರ ಪಟ್ಟು ಕುಗ್ಗಿಸಬಹುದು. ಬರಹ ಓದುವವನ ಕಣ್ಣಿಗೆ ಸೇರಿದ್ದು. ಅದನ್ನು ಒಂದು ಮಿತಿಗಿಂತ ಕುಗ್ಗಿಸಲು ಬಾರದು.

ಈ ಭಾಗದ ಗ್ರಾಮನಕ್ಷೆಗಳಲ್ಲಿ ಸಾಮಾನ್ಯವಾಗಿ ನೆಲದ ಮೇಲಿನ 660 ಅಡಿ ಕಾಗದದ ಮೇಲೆ ಒಂದು ಇಂಚಾಗಿರುತ್ತದೆ. ಅಂದರೆ ನೆಲವನ್ನು 7920 ಪಟ್ಟು ಕುಗ್ಗಿಸಲಾಗಿದೆ. ಈ ಲೆಕ್ಕದಲ್ಲಿ ಚೌಕಾಕಾರದ ಒಂದು ಎಕರೆ ಹೊಲ ಕಾಗದದ ಮೇಲೆ ಸುಮಾರು 8 ಮಿಲಿಮೀಟರ್ ಉದ್ದಗಲದ ಮನೆಯಾಗುತ್ತದೆ. ಒಂದು ಗುಂಟೆಯಂತೂ ಒಂದೂಕಾಲು ಮಿಲಿಮೀಟರಿನ ಚುಕ್ಕೆ. ಸುಲಭವಾಗಿ ಓದಬಹುದಾದ ಅಕ್ಷರಕ್ಕೆ ಎರಡೂವರೆ ಮಿಲಿಮೀಟರ್ ಎತ್ತರ ಬೇಕು. ಅಷ್ಟೇ ಅಗಲವೂ ಇರುವ ಒಂದು ಕನ್ನಡ ಅಕ್ಷರ ಈ ನಕ್ಷೆಯಲ್ಲಿ ಕೂತರೆ ಹೆಚ್ಚುಕಡಿಮೆ ನಾಲ್ಕು ಗುಂಟೆ ಜಮೀನನ್ನು ಮುಚ್ಚಿಬಿಡುತ್ತದೆ. ಅಕ್ಷರ ದೊಡ್ಡದಾದರೆ ಹೊಲ ಕಾಣದು. ಹೊಲ ಕಾಣಲೆಂದು ಅಕ್ಷರ ಸಣ್ಣದಾದರೆ ಅದು ಯಾರ ಹೊಲವೆಂದು ತಿಳಿಯದು.

ನಕ್ಷೆ ಬಿಡಿಸುವ ಕಲೆಯಷ್ಟೇ ಹಳೆಯದಾದ ಈ ತೊಡಕು ಗಣಕಯಂತ್ರ ಬಂದ ಮೇಲೆ ಮುಗಿಯಿತೆಂದು ಹಲವರು ಭಾವಿಸಿದ್ದಾರೆ. ಅದು ಮುಗಿಯಲಿಲ್ಲ, ರೂಪ ಬದಲಿಸಿತು ಅಷ್ಟೆ. ಇಂದು ಮನೆಯ ನಕ್ಷೆಯಾಗಲಿ, ಬಡಾವಣೆಯ ನಕ್ಷೆಯಾಗಲಿ ತಯಾರಾಗುವುದು ವಾಸ್ತುವಿನ್ಯಾಸದ ತಂತ್ರಾಂಶಗಳಲ್ಲಿ. ಅವುಗಳಲ್ಲಿ ಹೊಸಬರು ಮೊದಲು ಎಡವುವ ಜಾಗವೂ ಇದೇ: ಅಕ್ಷರದ ಗಾತ್ರ ಮತ್ತು ನಕ್ಷೆಯ ಪ್ರಮಾಣ.

ಗಳೆಯಿಂದ ಸರಪಳಿಗೆ

ಕನ್ನಡ ನಾಡಿನಲ್ಲಿ ಭೂಮಿಯನ್ನು ಅಳೆಯುವ ಪದ್ಧತಿ ಹೊಸದಲ್ಲ. ದಾನಶಾಸನಗಳಲ್ಲಿ ಮತ್ತರು, ಕಮ್ಮ ಎಂಬ ಅಳತೆಗಳು ಮತ್ತೆ ಮತ್ತೆ ಬರುತ್ತವೆ. ಅಳೆಯುವ ಕೋಲಿಗೆ ಗಳೆ ಎಂಬ ಹೆಸರಿತ್ತು. ಗಳೆಯ ಉದ್ದ ಎಲ್ಲ ಕಡೆಯೂ ಒಂದೇ ಆಗಿರಲಿಲ್ಲವಾದ್ದರಿಂದ ಯಾವ ಗಳೆಯಿಂದ ಅಳೆದದ್ದು ಎಂಬುದನ್ನೂ ಕೆಲವು ಶಾಸನಗಳು ಹೇಳುತ್ತವೆ. ಆದರೆ ಅಲ್ಲಿ ಜಮೀನಿನ ಚಿತ್ರ ಇರುವುದಿಲ್ಲ. ಮೂಡಲಿಗೆ ಹಳ್ಳ, ತೆಂಕಲಿಗೆ ನಟ್ಟ ಕಲ್ಲು, ಪಡುವಲಿಗೆ ಕೆರೆಯ ಕೋಡಿ ಎಂಬಂತೆ ಎಲ್ಲೆಯನ್ನು ಮಾತಿನಲ್ಲೇ ಹೇಳಲಾಗುತ್ತಿತ್ತು. ಚಿತ್ರವಿಲ್ಲದಿದ್ದಾಗ ಪ್ರಮಾಣದ ಪ್ರಶ್ನೆಯೇ ಏಳುವುದಿಲ್ಲ. ಶಾಸನದ ಅಕ್ಷರ ಎಷ್ಟು ದೊಡ್ಡದಾದರೂ ಹೊಲಕ್ಕೆ ಅಡ್ಡಬರುವುದಿಲ್ಲ.

ಭೂಮಿಯನ್ನು ಕಾಗದಕ್ಕೆ ಇಳಿಸುವ ದೊಡ್ಡ ಕೆಲಸ ಆರಂಭವಾದದ್ದು ಕಂಪನಿ ಸರ್ಕಾರದ ಕಾಲದಲ್ಲಿ. ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನ ಬಳಿ ಆಧಾರರೇಖೆಯೊಂದನ್ನು ಅಳೆದ. 1802ರಲ್ಲಿ ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಇನ್ನೊಂದನ್ನು ಅಳೆದು, ಮುಂದೆ ಮಹಾ ತ್ರಿಕೋನಮಿತಿ ಸರ್ವೇಕ್ಷಣೆ ಎಂದು ಹೆಸರಾದ ಕಾರ್ಯಕ್ಕೆ ತಳಹದಿ ಹಾಕಿದ. ಅದು ದೇಶದ ಆಕಾರವನ್ನು ಹಿಡಿಯುವ ಕೆಲಸ. ರೈತನ ಹೊಲದ ಆಕಾರವನ್ನು ಹಿಡಿದದ್ದು ಬೇರೊಂದು ಸರ್ವೆ, ಅಂದರೆ ಕಂದಾಯ ಮೋಜಣಿ.

1818ರಲ್ಲಿ ಪೇಶ್ವೆಗಳ ಆಳ್ವಿಕೆ ಮುಗಿದ ಮೇಲೆ ಬೀಳಗಿಯ ಸೀಮೆ ಮುಂಬಯಿ ಪ್ರಾಂತದ ಪಾಲಾಯಿತು. ನೆರೆಯ ಜಮಖಂಡಿ ಪಟವರ್ಧನರ ಸಂಸ್ಥಾನವಾಗಿಯೂ ಮುಧೋಳ ಘೋರ್ಪಡೆಯವರ ಸಂಸ್ಥಾನವಾಗಿಯೂ 1948ರವರೆಗೆ ಉಳಿದವು. ಮುಂಬಯಿ ಪ್ರಾಂತದ ಮೋಜಣಿ ಪದ್ಧತಿಯನ್ನು ರೂಪಿಸಿದವರು ಗೋಲ್ಡ್‌ಸ್ಮಿಡ್ ಮತ್ತು ಜಾರ್ಜ್ ವಿಂಗೇಟ್. 1830ರ ದಶಕದಲ್ಲಿ ಪುಣೆ ಭಾಗದ ಇಂದಾಪುರದಲ್ಲಿ ಪ್ರಯೋಗ ನಡೆಸಿದ ಅವರು, 1847ರಲ್ಲಿ ಡೇವಿಡ್‌ಸನ್ ಅವರೊಂದಿಗೆ ಸೇರಿ ಸಲ್ಲಿಸಿದ ಜಂಟಿ ವರದಿಯೇ ಈ ಪದ್ಧತಿಯ ಆಧಾರಗ್ರಂಥವಾಯಿತು. ಪ್ರತಿಯೊಂದು ಹೊಲಕ್ಕೂ ನಂಬರು, ಮೂಲೆಗಳಿಗೆ ಬಾಂದುಕಲ್ಲು, ಊರಿಗೊಂದು ನಕ್ಷೆ ಎಂಬ ಕ್ರಮ ನೆಲೆಗೊಂಡದ್ದು ಹೀಗೆ.

ಅಳೆಯಲು ಬಳಸಿದ್ದು 33 ಅಡಿ ಉದ್ದದ ಸರಪಳಿ. ಅದನ್ನು ರೂಪಾಯಿಯಂತೆಯೇ 16 ಆಣೆಗಳಾಗಿ ಭಾಗಿಸಿದ್ದರು. ಒಂದು ಆಣೆಯೆಂದರೆ 2 ಅಡಿ ಮುಕ್ಕಾಲು ಇಂಚು. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ನೆಲ ಒಂದು ಗುಂಟೆ, ಅಂದರೆ 1089 ಚದರ ಅಡಿ. ಇಂಥ 40 ಗುಂಟೆ ಸೇರಿದರೆ ಒಂದು ಎಕರೆ. ಬೀಳಗಿಯ ರೈತ ಇಂದಿಗೂ ತನ್ನ ಉತಾರದಲ್ಲಿ ಓದುವುದು ಈ ಸರಪಳಿಯ ಲೆಕ್ಕವನ್ನೇ. ಕಾಗದದ ಮೇಲಿನ ಒಂದು ಇಂಚಿಗೆ ನೆಲದ 20 ಸರಪಳಿ ಎಂದು ಇಟ್ಟುಕೊಂಡದ್ದರಿಂದಲೇ 660 ಅಡಿಗೆ ಒಂದು ಇಂಚು ಎಂಬ ಪ್ರಮಾಣ ಬಂದಿತು. 7920 ಎಂಬ ವಿಚಿತ್ರ ಸಂಖ್ಯೆಯ ಹಿಂದೆ ಇರುವುದು ಇಷ್ಟು ಸರಳವಾದ ಲೆಕ್ಕ.

ಬರೆದ ಅಂಕಿಯೇ ಮೇಲು

ಮೋಜಣಿಯ ದಫ್ತರದಲ್ಲಿ ಗ್ರಾಮನಕ್ಷೆಯ ಜೊತೆಗೆ ಟಿಪ್ಪಣಿ ಎಂಬ ಇನ್ನೊಂದು ಕಾಗದವಿದೆ. ಹೊಲದಲ್ಲಿ ನಿಂತು ಅಳೆದಾಗ ಬರೆದುಕೊಂಡ ಕೈನಕ್ಷೆ ಅದು. ಅದರಲ್ಲಿ ಹೊಲದ ಆಕಾರ ಅಂದಾಜಿನದು, ಪ್ರಮಾಣಬದ್ಧವಲ್ಲ. ಉದ್ದದ ಬದು ಗಿಡ್ಡವಾಗಿ ಕಾಣಬಹುದು, ಗಿಡ್ಡನೆಯದು ಉದ್ದವಾಗಿ ಕಾಣಬಹುದು. ಆದರೆ ಪ್ರತಿ ಗೆರೆಯ ಪಕ್ಕದಲ್ಲಿ ಇಷ್ಟು ಸರಪಳಿ, ಇಷ್ಟು ಆಣೆ ಎಂದು ಅಂಕಿ ಬರೆದಿರುತ್ತದೆ. ಅಲ್ಲಿ ಅಧಿಕಾರ ಇರುವುದು ಅಂಕಿಗೆ, ಗೆರೆಗಲ್ಲ.

ಗ್ರಾಮನಕ್ಷೆ ಇದಕ್ಕೆ ವಿರುದ್ಧ. ಅಲ್ಲಿ ಉದ್ದಗಲದ ಅಂಕಿಗಳಿಲ್ಲ, ಆಕಾರವೇ ಮಾತನಾಡುತ್ತದೆ. ಅಳತೆಪಟ್ಟಿ ಇಟ್ಟು 20 ಸರಪಳಿಗೆ ಒಂದು ಇಂಚಿನಂತೆ ಲೆಕ್ಕ ಹಾಕಿದರೆ ದೂರ ತಿಳಿಯುತ್ತದೆ. ಇಡೀ ಊರು ಹೇಗೆ ಹರಡಿದೆ, ಯಾರ ಹೊಲಕ್ಕೆ ಯಾರ ಹೊಲ ಹೊಂದಿದೆ ಎಂಬುದು ಟಿಪ್ಪಣಿಯಲ್ಲಿ ಸಿಗದು. ಬದು ಒತ್ತುವರಿಯಾಗಿದೆಯೇ ಎಂಬುದು ಗ್ರಾಮನಕ್ಷೆಯಿಂದ ಬಗೆಹರಿಯದು. ಒಂದೂಕಾಲು ಮಿಲಿಮೀಟರಿನಲ್ಲಿ ಒಂದು ಗುಂಟೆ ಅಡಗಿರುವಾಗ ನಾಲ್ಕಾರು ಅಡಿಯ ತಂಟೆಯನ್ನು ಅದರ ಮೇಲೆ ತೀರ್ಮಾನಿಸುವುದು ಸಾಧ್ಯವಿಲ್ಲ. ಸರ್ವೆಯರು ಬದು ಗುರುತಿಸಲು ಬಂದಾಗ ಟಿಪ್ಪಣಿಯನ್ನು ಹುಡುಕುವುದು ಈ ಕಾರಣಕ್ಕೆ.

ಕಟ್ಟಡದ ನಕ್ಷೆಗಳಲ್ಲಿಯೂ ಇದೇ ನಿಯಮ ನೆಲೆಗೊಂಡಿದೆ. ಬರೆದ ಅಳತೆಯನ್ನು ಪಾಲಿಸಬೇಕು, ನಕ್ಷೆಯ ಮೇಲೆ ಪಟ್ಟಿ ಇಟ್ಟು ಅಳೆಯಬಾರದು ಎಂಬ ಸೂಚನೆ ಜಗತ್ತಿನ ಎಲ್ಲ ಕಡೆಯ ಕಟ್ಟಡ ನಕ್ಷೆಗಳಲ್ಲಿ ಕಾಣುತ್ತದೆ. ಕಾಗದ ತೇವಕ್ಕೆ ಹಿಗ್ಗುತ್ತದೆ, ಬಿಸಿಲಿಗೆ ಕುಗ್ಗುತ್ತದೆ. ಬರೆದ ಅಂಕಿ ಹಿಗ್ಗುವುದೂ ಇಲ್ಲ, ಕುಗ್ಗುವುದೂ ಇಲ್ಲ. ಆದ್ದರಿಂದ ಅಂಕಿ ಓದಲು ಬರಲೇಬೇಕು. ಗೋಡೆಯ ಅಳತೆಯನ್ನು ಗವಂಡಿ ತಪ್ಪಾಗಿ ಓದಿದರೆ ಗೋಡೆಯೇ ತಪ್ಪಾದ ಜಾಗದಲ್ಲಿ ಏಳುತ್ತದೆ. ಅಕ್ಷರದ ಗಾತ್ರ ಅಂದಚಂದದ ವಿಷಯವಲ್ಲ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ನಕ್ಷೆಕಾರನ ಕೈ

ಗಣಕಯಂತ್ರಕ್ಕೆ ಮುಂಚೆ ಅಕ್ಷರದ ಗಾತ್ರ ನಕ್ಷೆಕಾರನ ಕೈಯಲ್ಲಿಯೇ ಇತ್ತು. ಅವನು ಕಾಗದದ ಮೇಲೆ ಬಿಡಿಸುತ್ತಿದ್ದುದರಿಂದ ಗೆರೆಯನ್ನು ಮಾತ್ರ ಲೆಕ್ಕ ಹಾಕಿ ಕುಗ್ಗಿಸುತ್ತಿದ್ದ. ಅಕ್ಷರವನ್ನು ನೇರವಾಗಿ ಕಣ್ಣಿಗೆ ಬೇಕಾದಷ್ಟು ದೊಡ್ಡದಾಗಿ ಬರೆಯುತ್ತಿದ್ದ. ನಕ್ಷೆ ನೂರನೇ ಒಂದು ಪ್ರಮಾಣದ್ದಾಗಿರಲಿ, ಐನೂರನೇ ಒಂದು ಪ್ರಮಾಣದ್ದಾಗಿರಲಿ, ಅವನ ಅಕ್ಷರ ಮಾತ್ರ ಅಷ್ಟೇ ಇರುತ್ತಿತ್ತು. ಜಾಗ ಸಾಲದಿದ್ದರೆ ಅಕ್ಷರವನ್ನು ಹೊರಗೆ ಬರೆದು ಬಾಣದ ಗುರುತಿನಿಂದ ಒಳಕ್ಕೆ ಜೋಡಿಸುತ್ತಿದ್ದ.

ಪ್ರತಿ ತೆಗೆಯುವ ವಿಧಾನಗಳು ಬಂದಾಗ ತೊಡಕು ಹೆಚ್ಚಿತು. 1842ರಲ್ಲಿ ಜಾನ್ ಹರ್ಷೆಲ್ ಕಂಡುಹಿಡಿದ ವಿಧಾನದಿಂದ ನೀಲಿನಕ್ಷೆ ಹುಟ್ಟಿತು. ಯೋಜನೆಯೆಂಬ ಅರ್ಥದಲ್ಲಿ ಆ ಮಾತು ಇಂದಿಗೂ ಉಳಿದಿದೆ. ನೀಲಿನಕ್ಷೆ ಮೂಲದಷ್ಟೇ ದೊಡ್ಡದಾಗಿರುತ್ತಿದ್ದುದರಿಂದ ಪ್ರಮಾಣ ಕೆಡುತ್ತಿರಲಿಲ್ಲ. ಆದರೆ ಕಿರಿದು ಮಾಡುವ ಜೆರಾಕ್ಸ್ ಯಂತ್ರ ಬಂದ ಮೇಲೆ ನಕ್ಷೆಯ ಜೊತೆಗೆ ಅಕ್ಷರವೂ ಕುಗ್ಗತೊಡಗಿತು. ನಕ್ಷೆಯ ಮೂಲೆಯಲ್ಲಿ 1:100 ಎಂದು ಬರೆದದ್ದು ಹಾಗೆಯೇ ಉಳಿದು, ನಕ್ಷೆ ಮಾತ್ರ ಅರ್ಧಕ್ಕೆ ಇಳಿದಾಗ ಆ ಬರಹ ಸುಳ್ಳಾಗುತ್ತದೆ.

ಇದಕ್ಕೆ ಎರಡು ಜಾಣ ಪರಿಹಾರಗಳು ಬಂದವು. ಮೊದಲನೆಯದು ನಕ್ಷೆಯ ಅಂಚಿನಲ್ಲಿ ಬಿಡಿಸುವ ಪ್ರಮಾಣಪಟ್ಟಿ. ಇಷ್ಟುದ್ದ ಎಂದರೆ ನೆಲದ ಮೇಲೆ 100 ಅಡಿ ಎಂದು ತೋರಿಸುವ ಈ ಪಟ್ಟಿ ನಕ್ಷೆಯೊಂದಿಗೇ ಹಿಗ್ಗುತ್ತದೆ, ನಕ್ಷೆಯೊಂದಿಗೇ ಕುಗ್ಗುತ್ತದೆ; ಎಷ್ಟು ಸಲ ಪ್ರತಿ ತೆಗೆದರೂ ಸುಳ್ಳಾಗದು. ಎರಡನೆಯದು ಅಕ್ಷರಗಳಿಗೆ ಗೊತ್ತುಮಾಡಿದ ಎತ್ತರಗಳು. 1.8, 2.5, 3.5, 5, 7, 10 ಮಿಲಿಮೀಟರ್ ಎಂಬ ಈ ಸಾಲನ್ನು ಅಂತರರಾಷ್ಟ್ರೀಯ ಮಾನಕ ಸಂಸ್ಥೆ ಒಪ್ಪಿದೆ. ಇದರಲ್ಲಿ ಪ್ರತಿಯೊಂದೂ ಹಿಂದಿನದಕ್ಕಿಂತ ಸುಮಾರು 1.4 ಪಟ್ಟು ದೊಡ್ಡದು. ಎ4, ಎ3, ಎ2, ಎ1 ಎಂಬ ಕಾಗದಗಳ ಉದ್ದಗಲಗಳೂ ಇದೇ ಅನುಪಾತದಲ್ಲಿ ಬೆಳೆಯುತ್ತವೆ. ಎ1 ಹಾಳೆಯ ನಕ್ಷೆಯನ್ನು ಎ2ಕ್ಕೆ ಇಳಿಸಿದರೆ 3.5 ಮಿಲಿಮೀಟರಿನ ಅಕ್ಷರ 2.5 ಆಗುತ್ತದೆ; ಎ3ಕ್ಕೆ ಇಳಿಸಿದರೆ 1.8ರ ಹತ್ತಿರ ಬರುತ್ತದೆ. ಲೇಖನಿಗಳ ಮೊನೆಗಳೂ 0.25, 0.35, 0.5, 0.7 ಎಂದು ಇದೇ ಏಣಿಯನ್ನು ಅನುಸರಿಸಿದವು. ಕುಗ್ಗಿಸಿದ ನಕ್ಷೆಯನ್ನು ತಿದ್ದಬೇಕಾದರೆ ಒಂದು ಮೆಟ್ಟಿಲು ಕೆಳಗಿನ ಲೇಖನಿ ಎತ್ತಿಕೊಂಡರಾಯಿತು. ಕಾಗದ, ಅಕ್ಷರ, ಗೆರೆ ಮೂರನ್ನೂ ಒಂದೇ ಸೂತ್ರಕ್ಕೆ ತಂದ ಈ ಏರ್ಪಾಡು ತಾಂತ್ರಿಕ ಚಿತ್ರಕಲೆಯ ಒಂದು ಸೊಗಸಾದ ಸಾಧನೆ.

ಗೆರೆಯ ದಪ್ಪದಲ್ಲಿ ಅಡಗಿದ ಹೊಲ

ಬೀಳಗಿಯ ಮಟ್ಟಿಗೆ ಪ್ರಮಾಣದ ಪ್ರಶ್ನೆ ಕೇವಲ ಪಾಠದ ವಿಷಯವಾಗಿ ಉಳಿಯಲಿಲ್ಲ. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ಘಟಪ್ರಭೆ ಇರುವ ತಾಲ್ಲೂಕು ಇದು. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಶಂಕುಸ್ಥಾಪನೆ ಮಾಡಿದ ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಎರಡೂ ನದಿಗಳ ದಂಡೆಯನ್ನು ಆವರಿಸಿತು. ಯಾವ ಹೊಲ ಮುಳುಗಡೆ, ಯಾವುದು ಅಲ್ಲ ಎಂಬುದನ್ನು ಹೇಳುವುದು ಸಮೋನ್ನತಿ ರೇಖೆ. ಸಮುದ್ರಮಟ್ಟದಿಂದ ಒಂದೇ ಎತ್ತರದಲ್ಲಿರುವ ಸ್ಥಳಗಳನ್ನೆಲ್ಲ ಕೂಡಿಸಿ ಎಳೆದ ಗೆರೆ ಅದು. 2000ದ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪಿನಿಂದ ನೀರು ನಿಲ್ಲಿಸುವ ಮಟ್ಟ 519.6 ಮೀಟರ್ ಎಂದಾಯಿತು. 2010ರ ಡಿಸೆಂಬರ್‌ನಲ್ಲಿ ಎರಡನೆಯ ಕೃಷ್ಣಾ ನ್ಯಾಯಮಂಡಳಿ 524.256 ಮೀಟರ್‌ವರೆಗೆ ಒಪ್ಪಿಗೆ ಕೊಟ್ಟಿತು.

ಇವೆರಡರ ನಡುವಿನ ಅಂತರ 4.656 ಮೀಟರ್. ಮೂರು ಆಳೆತ್ತರವೂ ಇಲ್ಲದ ಈ ಅಂತರ ನೆಲದ ಮೇಲೆ ಎಷ್ಟಗಲ ಹರಡುತ್ತದೆ ಎಂಬುದು ಇಳಿಜಾರನ್ನು ಅವಲಂಬಿಸಿದೆ. ಇನ್ನೂರು ಮೀಟರ್ ನಡೆದರೆ ಒಂದು ಮೀಟರ್ ಏರುವಂಥ ಎರೆಭೂಮಿಯಲ್ಲಿ ನೀರಿನ ಅಂಚು 931 ಮೀಟರ್ ಮುಂದಕ್ಕೆ ಬರುತ್ತದೆ. ಇಂಥ ಕಡೆ ಗೆರೆ ಯಾವ ಪ್ರಮಾಣದ ನಕ್ಷೆಯಲ್ಲಿದೆ ಎಂಬುದೇ ಮುಖ್ಯ. ಭಾರತೀಯ ಸರ್ವೇಕ್ಷಣ ಇಲಾಖೆಯ ಪರಿಚಿತ ಭೂನಕ್ಷೆಗಳ ಪ್ರಮಾಣ 1:50,000. ಅವುಗಳಲ್ಲಿ ಸಮೋನ್ನತಿ ರೇಖೆಗಳು ಸಾಮಾನ್ಯವಾಗಿ 10 ಅಥವಾ 20 ಮೀಟರಿಗೊಂದರಂತೆ ಇರುತ್ತವೆ. ಅಲ್ಲಿ ಅರ್ಧ ಮಿಲಿಮೀಟರ್ ದಪ್ಪದ ಗೆರೆ ನೆಲದ ಮೇಲೆ 25 ಮೀಟರ್ ಅಗಲದ ಪಟ್ಟೆ. ಅದೇ ಗೆರೆ ಗ್ರಾಮನಕ್ಷೆಯಲ್ಲಿ ಸುಮಾರು 4 ಮೀಟರ್. 1:500ರ ನಕ್ಷೆಯಲ್ಲಿ 25 ಸೆಂಟಿಮೀಟರ್. ಯೋಜನೆಯ ಅಂದಾಜಿಗೆ ಮೊದಲನೆಯದು ಸಾಕು. ಒಬ್ಬ ರೈತನ ಎರಡು ಎಕರೆಯಲ್ಲಿ ಎಷ್ಟು ಗುಂಟೆ ಹೋಗುತ್ತದೆ ಎಂದು ಹೇಳಲು ಅದು ಸಾಲದು. ಸ್ಥಳದಲ್ಲೇ ಮಟ್ಟ ನೋಡಿ ಕಲ್ಲು ನೆಡುವ ಅಳತೆಯೇ ಬೇಕು.

ಮುಳುಗಡೆಯ ಇನ್ನೊಂದು ಮಗ್ಗುಲು ಪುನರ್ವಸತಿ. ಬಾಗಲಕೋಟೆಯ ಹಳೆಯ ಊರಿನ ತಗ್ಗು ಭಾಗ ನೀರಿಗೆ ಸೇರಿದಾಗ ಎದ್ದುನಿಂತ ನವನಗರದ ವಿನ್ಯಾಸ ಖ್ಯಾತ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅವರದು. ಓಣಿಯ ಹೆಸರಿನಿಂದ ತಮ್ಮ ಮನೆಯನ್ನು ಹೇಳುತ್ತಿದ್ದ ಜನ ಸೆಕ್ಟರ್ ನಂಬರು, ನಿವೇಶನದ ನಂಬರುಗಳಿಂದ ಹೇಳಬೇಕಾಯಿತು. ಬೀಳಗಿ ಸುತ್ತಿನ ಪುನರ್ವಸತಿ ಕೇಂದ್ರಗಳಲ್ಲಿಯೂ ಹೀಗೆಯೇ. ತಲೆಮಾರುಗಳಿಂದ ಬಾಳಿದ ಮನೆಗೆ ಬದಲಾಗಿ ಸಿಗುವ ಜಾಗವನ್ನು ಒಂದು ಕುಟುಂಬ ಮೊದಲು ಕಾಣುವುದು ನಕ್ಷೆಯಲ್ಲಿನ ಒಂದು ಸಣ್ಣ ಚೌಕವಾಗಿ, ಅದರೊಳಗಿನ ಒಂದು ಅಂಕಿಯಾಗಿ. ಆ ಅಂಕಿ ಓದಲು ಬರುವಂತಿರಬೇಕೆಂದು ಬಯಸುವುದು ದೊಡ್ಡ ಬೇಡಿಕೆಯೇನಲ್ಲ.

ಗಣಕಯಂತ್ರದ ಒಳಗೆ

ಗಣಕಯಂತ್ರದ ಪರದೆಯ ಮೇಲೆ ಚಿತ್ರ ಬಿಡಿಸುವುದನ್ನು ಮೊದಲು ಸಮರ್ಥವಾಗಿ ತೋರಿಸಿಕೊಟ್ಟವನು ಅಮೆರಿಕದ ಐವನ್ ಸದರ್ಲೆಂಡ್. 1963ರಲ್ಲಿ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಅವನು ರೂಪಿಸಿದ ಸ್ಕೆಚ್‌ಪ್ಯಾಡ್ ಮುಂದಿನ ಎಲ್ಲ ತಂತ್ರಾಂಶಗಳಿಗೆ ದಾರಿಮಾಡಿತು. 1982ರಲ್ಲಿ ಆಟೋಡೆಸ್ಕ್ ಸಂಸ್ಥೆ ಹೊರತಂದ ಆಟೋಕ್ಯಾಡ್, ಮೇಜಿನ ಮೇಲಿನ ಸಣ್ಣ ಗಣಕಯಂತ್ರದಲ್ಲಿಯೇ ನಕ್ಷೆ ಬಿಡಿಸುವುದನ್ನು ಸಾಧ್ಯವಾಗಿಸಿತು. ಮುಂದೆ ಭಾರತದ ಸಣ್ಣ ಊರುಗಳ ಎಂಜಿನಿಯರುಗಳ ಕಚೇರಿಗಳಿಗೂ ಅದು ತಲುಪಿತು.

ಇಲ್ಲಿ ಒಂದು ಮೂಲಭೂತ ಬದಲಾವಣೆಯಾಯಿತು. ಕಾಗದದ ಮೇಲೆ ಬಿಡಿಸುವವನು ಕುಗ್ಗಿಸಿ ಬಿಡಿಸುತ್ತಾನೆ. ಗಣಕಯಂತ್ರದಲ್ಲಿ ಕುಗ್ಗಿಸುವ ಅಗತ್ಯವಿಲ್ಲ. ಹತ್ತು ಮೀಟರಿನ ಗೋಡೆಯನ್ನು ಹತ್ತು ಮೀಟರ್ ಎಂದೇ ಬಿಡಿಸಬಹುದು, ಯಂತ್ರದ ಒಳಗೆ ಜಾಗಕ್ಕೆ ಬರವಿಲ್ಲ. ಕುಗ್ಗಿಸುವುದು ಕೊನೆಗೆ, ಮುದ್ರಿಸುವಾಗ. ಅನುಕೂಲವೇನೋ ದೊಡ್ಡದು. ಆದರೆ ಆ ಗೋಡೆಯ ಪಕ್ಕದಲ್ಲಿ 'ಅಡುಗೆಮನೆ' ಎಂದು ಬರೆಯುವಾಗ ಅಕ್ಷರವನ್ನು ಎಷ್ಟು ದೊಡ್ಡದಾಗಿ ಬರೆಯಬೇಕು? ಎರಡೂವರೆ ಮಿಲಿಮೀಟರ್ ಎಂದು ಕೊಟ್ಟರೆ ಮುದ್ರಿಸುವಾಗ ಅದೂ ಗೋಡೆಯ ಜೊತೆಗೆ ನೂರು ಪಟ್ಟು ಕುಗ್ಗಿ ಧೂಳಿನ ಕಣವಾಗುತ್ತದೆ. ಆದ್ದರಿಂದ ನೂರನೇ ಒಂದು ಪ್ರಮಾಣದ ನಕ್ಷೆಗೆ ಅಕ್ಷರವನ್ನು 250 ಮಿಲಿಮೀಟರ್ ಎತ್ತರಕ್ಕೆ ಬರೆಯಬೇಕು. ಒಂದು ಗೇಣಿಗಿಂತ ಎತ್ತರದ ಅಕ್ಷರ ಮನೆಯ ನೆಲದ ಮೇಲೆ ಬರೆದಂತೆ ಕೂತಿರುತ್ತದೆ, ಕಾಗದಕ್ಕೆ ಇಳಿದಾಗ ಸರಿಯಾಗುತ್ತದೆ.

ತೊಡಕು ಶುರುವಾಗುವುದು ಒಂದೇ ಮನೆಯನ್ನು ಬೇರೆ ಬೇರೆ ಪ್ರಮಾಣಗಳಲ್ಲಿ ತೋರಿಸಬೇಕಾದಾಗ. ಅದೇ 250 ಮಿಲಿಮೀಟರಿನ ಅಕ್ಷರ ಮೆಟ್ಟಿಲಿನ ವಿವರ ತೋರಿಸುವ 1:20ರ ಹಾಳೆಯಲ್ಲಿ ಹನ್ನೆರಡೂವರೆ ಮಿಲಿಮೀಟರಾಗಿ ಅಂಗಡಿಯ ಬೋರ್ಡಿನಂತೆ ಕಾಣುತ್ತದೆ. ಇಡೀ ನಿವೇಶನ ತೋರಿಸುವ 1:500ರ ಹಾಳೆಯಲ್ಲಿ ಅರ್ಧ ಮಿಲಿಮೀಟರಿಗೆ ಇಳಿದು ಕಣ್ಣಿಗೇ ಬೀಳದು. ಮೊದಮೊದಲು ನಕ್ಷೆಕಾರರು ಒಂದೇ ಮಾತನ್ನು ಮೂರು ಗಾತ್ರಗಳಲ್ಲಿ ಬರೆದಿಟ್ಟು, ಬೇಡವಾದದ್ದನ್ನು ಮರೆಮಾಡುತ್ತಿದ್ದರು. ಒಂದು ಕಡೆ ತಿದ್ದಿದ್ದನ್ನು ಇನ್ನೊಂದು ಕಡೆ ತಿದ್ದಲು ಮರೆತರೆ ಒಂದೇ ಕೋಣೆಗೆ ಎರಡು ಅಳತೆಗಳಾಗುತ್ತಿದ್ದವು.

1990ರಲ್ಲಿ ಆಟೋಕ್ಯಾಡ್‌ನ 11ನೇ ಆವೃತ್ತಿ ಒಂದು ಹೊಸ ಏರ್ಪಾಡು ತಂದಿತು. ಕಟ್ಟಡಕ್ಕೆ ಒಂದು ಲೋಕ, ಕಾಗದಕ್ಕೆ ಇನ್ನೊಂದು ಲೋಕ. ಮೊದಲನೆಯದರಲ್ಲಿ ಗೋಡೆ ನಿಜವಾದ ಅಳತೆಯಲ್ಲಿರುತ್ತದೆ. ಎರಡನೆಯದು ಮುದ್ರಿಸಬೇಕಾದ ಹಾಳೆ. ಅದರಲ್ಲಿ ಕಿಟಕಿ ಕೊರೆದು, ಆ ಕಿಟಕಿಯಿಂದ ಕಟ್ಟಡವನ್ನು ಬೇಕಾದ ಪ್ರಮಾಣದಲ್ಲಿ ನೋಡಬಹುದು. ಹಾಳೆಯ ಮೇಲೆ ಬರೆದ ಅಕ್ಷರ ಹಳೆಯ ನಕ್ಷೆಕಾರನ ಕೈಬರಹದಂತೆ ಎರಡೂವರೆ ಮಿಲಿಮೀಟರ್ ಎಂದರೆ ಎರಡೂವರೆ ಮಿಲಿಮೀಟರ್. 2007ರಲ್ಲಿ ಬಂದ ಆವೃತ್ತಿಯಲ್ಲಿ ಇನ್ನೊಂದು ಹೆಜ್ಜೆ: ಕಟ್ಟಡದ ಲೋಕದಲ್ಲಿ ಬರೆದ ಅಕ್ಷರವೇ ತಾನು ಯಾವ ಪ್ರಮಾಣದ ಕಿಟಕಿಯಲ್ಲಿ ಕಾಣುತ್ತಿದ್ದೇನೆಂದು ತಿಳಿದು, ಅದಕ್ಕೆ ತಕ್ಕಂತೆ ಹಿಗ್ಗಿ ಕುಗ್ಗುವ ಸೌಲಭ್ಯ. 2000ದಲ್ಲಿ ಬಂದ ರೆವಿಟ್ ತಂತ್ರಾಂಶದಲ್ಲಂತೂ ಬರಹದ ಗಾತ್ರವನ್ನು ಕಾಗದದ ಅಳತೆಯಲ್ಲಿಯೇ ಹೇಳುವುದು ನಿಯಮ. ನೋಟದ ಪ್ರಮಾಣ ಬದಲಿಸಿದರೆ ಬರಹ ತಾನಾಗಿ ಹೊಂದಿಕೊಳ್ಳುತ್ತದೆ. ನಕ್ಷೆಕಾರನ ಕೈಗೆ ಸಹಜವಾಗಿ ಗೊತ್ತಿದ್ದುದನ್ನು ಯಂತ್ರಕ್ಕೆ ಕಲಿಸಲು ಕಾಲು ಶತಮಾನ ಹಿಡಿಯಿತು ಎನ್ನಬಹುದು.

ಕನ್ನಡ ಅಕ್ಷರದ ಲೆಕ್ಕ

ಇಷ್ಟಾದರೂ ಈ ತಂತ್ರಾಂಶಗಳ ಲೆಕ್ಕವೆಲ್ಲ ಇಂಗ್ಲಿಷ್ ಲಿಪಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಹುಟ್ಟಿದ್ದು. ಅಕ್ಷರದ ಎತ್ತರ ಎಂದರೆ ಅಲ್ಲಿ ದೊಡ್ಡಕ್ಷರದ ಎತ್ತರ. ಕನ್ನಡಕ್ಕೆ ಈ ಅಳತೆ ಸರಿಹೊಂದುವುದಿಲ್ಲ. ಕನ್ನಡದ ಅಕ್ಷರ ಸಾಲಿನ ಮೇಲೆ ನಿಂತಿದ್ದರೂ ಒತ್ತಕ್ಷರ ಸಾಲಿನ ಕೆಳಗೆ ಇಳಿಯುತ್ತದೆ, ಗುಡಿಸು ಮೇಲಕ್ಕೆ ಏರುತ್ತದೆ. 'ಬೀಳಗಿ' ಎಂದು ಬರೆಯಲು ಸಾಕಾಗುವ ಎತ್ತರ 'ಆಲಮಟ್ಟಿ' ಎಂದು ಬರೆಯಲು ಸಾಲದು. 'ಕೃಷ್ಣಾ' ಎಂದು ಬರೆಯಲು ಇನ್ನೂ ಹೆಚ್ಚು ಬೇಕು. ಎರಡು ಸಾಲುಗಳ ನಡುವೆ ಇಂಗ್ಲಿಷಿನಷ್ಟೇ ಅಂತರ ಬಿಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಗಲುತ್ತದೆ.

ಅದಕ್ಕಿಂತ ಸೂಕ್ಷ್ಮವಾದದ್ದು ಅಕ್ಷರಗಳ ಭೇದ. 'ದ' ಮತ್ತು 'ಧ', 'ಡ' ಮತ್ತು 'ಢ', 'ಬ' ಮತ್ತು 'ಭ' ಇವುಗಳ ನಡುವೆ ಇರುವುದು ಒಂದು ಸಣ್ಣ ಸೀಳಿನ ವ್ಯತ್ಯಾಸ. 'ವ', 'ಪ', 'ಷ'ಗಳ ನಡುವಿನದೂ ಅಂಥದೇ. ಅಕ್ಷರ ಕುಗ್ಗಿದಾಗ ಮೊದಲು ಮುಚ್ಚಿಹೋಗುವುದು ಈ ಸೀಳುಗಳೇ. ಕನ್ನಡ ಅಂಕಿಗಳಲ್ಲಿ ೬ ಮತ್ತು ೯ ಮಸುಕಾದ ಪ್ರತಿಯಲ್ಲಿ ಒಂದರಂತೆ ಇನ್ನೊಂದು ಕಾಣುತ್ತವೆ. ಸರ್ವೆ ನಂಬರು ಒಂದು ಅಂಕಿ ತಪ್ಪಿದರೆ ಹೊಲವೇ ತಪ್ಪಿದಂತೆ. ಆದ್ದರಿಂದ ಇಂಗ್ಲಿಷಿನಲ್ಲಿ 1.8 ಮಿಲಿಮೀಟರಿನಲ್ಲಿ ನಡೆಯುವ ಬರಹಕ್ಕೆ ಕನ್ನಡದಲ್ಲಿ ಒಂದು ಮೆಟ್ಟಿಲು ಮೇಲಿನ ಗಾತ್ರ ಕೊಡುವುದು ವಿವೇಕ.

ಇನ್ನೊಂದು ಕಷ್ಟ ಅಕ್ಷರಗಳ ಸಂಕೇತದ್ದು. ಆಟೋಕ್ಯಾಡ್‌ನ ಮೊದಲ ಕಾಲದ ಅಕ್ಷರಗಳು ಬರಿಯ ಗೆರೆಗಳಿಂದ ಮಾಡಿದ ಇಂಗ್ಲಿಷ್ ಅಕ್ಷರಗಳು. 1991ರ ಯೂನಿಕೋಡ್‌ನಲ್ಲಿಯೇ ಕನ್ನಡಕ್ಕೆ ಜಾಗ ಸಿಕ್ಕಿತ್ತಾದರೂ ಅದು ಬಳಕೆಗೆ ಬರಲು ಬಹಳ ಕಾಲ ಹಿಡಿಯಿತು. ನಡುವಿನ ಕಾಲದಲ್ಲಿ ಕನ್ನಡ ಗಣಕ ಪರಿಷತ್ತಿನ ನುಡಿ ಮುಂತಾದ ತಂತ್ರಾಂಶಗಳು ಕಚೇರಿಗಳನ್ನು ಕನ್ನಡದಲ್ಲಿ ನಡೆಸಿದವು. ಅವುಗಳ ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಅಕ್ಷರಭಾಗಗಳನ್ನು ಕೂರಿಸಿದ್ದವು. ಅಂಥ ಫಾಂಟಿನಲ್ಲಿ ಬರೆದ ನಕ್ಷೆಯನ್ನು ಆ ಫಾಂಟು ಇಲ್ಲದ ಯಂತ್ರದಲ್ಲಿ ತೆರೆದರೆ ಗೋಡೆಗಳು ಸರಿಯಾಗಿರುತ್ತವೆ, ಹೆಸರುಗಳು ಮಾತ್ರ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲಾಗುತ್ತವೆ. ಇಂಥ ತೊಂದರೆ ಯಾರಿಗೆ ಬೇಕೆಂದು ಎಷ್ಟೋ ಕಡೆ ನಕ್ಷೆಯನ್ನು ಇಂಗ್ಲಿಷಿನಲ್ಲೇ ಬರೆದು ಮುಗಿಸುವ ರೂಢಿ ಬೆಳೆಯಿತು. ತೊಂದರೆ ಉಳಿದದ್ದು ನಕ್ಷೆ ಬಿಡಿಸುವವನಿಗೆ. ಕಷ್ಟ ಬಿದ್ದದ್ದು ಅದಕ್ಕೆ ಸಹಿ ಹಾಕುವವನಿಗೆ.

ಹಿಗ್ಗಿಸಿದರೆ ನಿಖರವಾಗದು

2001ರ ಹೊತ್ತಿಗೆ ಭೂಮಿ ಯೋಜನೆಯ ಮೂಲಕ ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಗಣಕಯಂತ್ರಕ್ಕೆ ಸೇರಿದವು. ಬೀಳಗಿಯಲ್ಲೂ ಕೈಬರಹದ ಉತಾರದ ಬದಲು ಅಚ್ಚಾದ ಉತಾರ ಬಂದಿತು. ಅಂಕಿಗಳ ನಂತರ ನಕ್ಷೆಗಳ ಸರದಿ. ದಿಶಾಂಕ್ ಎಂಬ ಮೊಬೈಲ್ ಆ್ಯಪ್ ನಿಂತ ಜಾಗದ ಸರ್ವೆ ನಂಬರನ್ನು ಹೇಳುತ್ತದೆ. 2020ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಸ್ವಾಮಿತ್ವ ಯೋಜನೆಯಲ್ಲಿ ಡ್ರೋನ್‌ಗಳಿಂದ ಹಳ್ಳಿಗಳ ವಸತಿ ಪ್ರದೇಶದ ಅಳತೆ ನಡೆದು 1:500 ಪ್ರಮಾಣದ ನಕ್ಷೆಗಳು ತಯಾರಾಗತೊಡಗಿದವು. ಗ್ರಾಮನಕ್ಷೆಯಲ್ಲಿ ಒಂದು ಖಾಲಿ ಆಕಾರವಾಗಿ ಉಳಿದಿದ್ದ ಗಾವಠಾಣದ ಮನೆಗಳಿಗೂ ಹೀಗೆ ಗೆರೆ ಬಂದಿತು.

ಮೊಬೈಲಿನ ಪರದೆಯ ಮೇಲೆ ಎರಡು ಬೆರಳುಗಳಿಂದ ನಕ್ಷೆಯನ್ನು ಎಷ್ಟು ಬೇಕಾದರೂ ಹಿಗ್ಗಿಸಬಹುದು. ಅಕ್ಷರ ತನ್ನ ಗಾತ್ರ ಬಿಡದೆ ಪಕ್ಕದಲ್ಲೇ ನಿಲ್ಲುತ್ತದೆ. ಹಳೆಯ ನಕ್ಷೆಕಾರರು ಕನಸಿನಲ್ಲೂ ಕಾಣದ ಸೌಕರ್ಯವಿದು. ಆದರೆ ಇದರಲ್ಲೊಂದು ಮೋಸವೂ ಅಡಗಿದೆ. 1:7920ರ ಗ್ರಾಮನಕ್ಷೆಯನ್ನು ಪರದೆಯ ಮೇಲೆ ಹದಿನಾರು ಪಟ್ಟು ಹಿಗ್ಗಿಸಿದರೆ ಅದು 1:500ರ ನಕ್ಷೆಯಂತೆ ಕಾಣುತ್ತದೆ, ಆದರೆ 1:500ರ ನಕ್ಷೆಯಾಗುವುದಿಲ್ಲ. ಮೂಲದ ಗೆರೆಯಲ್ಲಿದ್ದ 4 ಮೀಟರಿನ ಸಂದೇಹ ಹಾಗೆಯೇ ಇರುತ್ತದೆ. ಪರದೆ ಆ ಗೆರೆಯನ್ನು ತೆಳುವಾಗಿ ಎಳೆದು ಸಂದೇಹವನ್ನು ಕಣ್ಣಿನಿಂದ ಮರೆಮಾಡಿರುತ್ತದೆ. ಮೊಬೈಲಿನಲ್ಲಿ ಬದು ನೋಡಿ ನೆರೆಯವನೊಂದಿಗೆ ಜಗಳಕ್ಕೆ ನಿಲ್ಲುವವರು ಇದನ್ನು ತಿಳಿದಿರುವುದು ಒಳ್ಳೆಯದು. ಜಗಳ ಬಗೆಹರಿಯುವುದು ಈಗಲೂ ಟಿಪ್ಪಣಿಯ ಅಂಕಿ ಮತ್ತು ನೆಲದ ಮೇಲಿನ ಅಳತೆಯಿಂದಲೇ.

ನಕ್ಷೆಯೊಂದು ಕೈಗೆ ಬಂದಾಗ ಸಾಮಾನ್ಯ ಓದುಗ ನೋಡಬೇಕಾದ ಸಂಗತಿಗಳು ಕೆಲವೇ. ಪ್ರಮಾಣವನ್ನು ಅಂಕಿಯಲ್ಲಿ ಮಾತ್ರ ಬರೆದಿದ್ದಾರೆಯೇ, ಪ್ರಮಾಣಪಟ್ಟಿಯೂ ಇದೆಯೇ? ಇದು ಮೂಲ ಗಾತ್ರದ ಪ್ರತಿಯೇ, ಕಿರಿದು ಮಾಡಿದ್ದೇ? ಅಳತೆ ಅಡಿಯಲ್ಲಿದೆಯೋ ಮೀಟರಿನಲ್ಲೋ? ಬರೆದ ಅಂಕಿಗೂ ಬಿಡಿಸಿದ ಗೆರೆಗೂ ಹೊಂದಿಕೆಯಾಗದಿದ್ದರೆ ಯಾವುದನ್ನು ನಂಬಬೇಕೆಂದು ಹೇಳಿದ್ದಾರೆಯೇ? ಕೊನೆಯದಾಗಿ, ಬರಹ ತನಗೆ ಗೊತ್ತಿರುವ ಭಾಷೆಯಲ್ಲಿ, ಕನ್ನಡಕದ ಸಹಾಯದಿಂದಲಾದರೂ ಓದುವಷ್ಟು ದೊಡ್ಡದಾಗಿದೆಯೇ? ಇಲ್ಲವಾದರೆ ದೊಡ್ಡ ಪ್ರತಿಯನ್ನು ಕೇಳಿ ಪಡೆದು, ಓದಿ ನೋಡಿದ ನಂತರವೇ ಸಹಿ ಹಾಕುವುದು ಲೇಸು.